ನಮ್ಮೂರಿಗೆ ಮೊಸಳೆ ಬೇಡ

ವಾಚನಾಲಯದ ಕಟ್ಟೆಯ ಮೇಲೆ ಈಚೆಗೆ ಒಂದು ಮಾತು ಪದೇ ಪದೇ ಕೇಳಿಬರುತ್ತಿದೆ. “ನಮಗೂ ಒಬ್ಬ ಬಾದಲ್ ಬೇಕು ಕಣ್ರೀ. ಅವರು ಬಂದು ಒಂದು ಮೊಸಳೆ ಬಿಟ್ಟು ಹೋದ್ರೆ ಸಾಕು, ಮಾರನೇ ದಿನ ಟಾರು ಬೀಳುತ್ತೆ.” ಹೇಳುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಈ ಸಲದ ರಾಜ್ಯೋತ್ಸವದ ಚಂದಾ ಹಣದಲ್ಲಿ ಆರ್ಕೆಸ್ಟ್ರಾ ಬಿಟ್ಟು, ಬೆಂಗಳೂರಿನಿಂದ ಅಂಥ ಕಲಾವಿದರೊಬ್ಬರನ್ನು ಒಂದು ದಿನದ ಮಟ್ಟಿಗೆ ಕರೆಸೋಣ ಎಂಬ ಸಲಹೆಯೂ ಬಂದಿದೆ. ಆರ್ಕೆಸ್ಟ್ರಾ ಬಿಡುವುದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಮಿಕ್ಕಿದ್ದಕ್ಕೆ ಇಲ್ಲ. ಯಾಕಿಲ್ಲ ಅನ್ನುವುದನ್ನು ಬರೆದು ಇಟ್ಟಿದ್ದೇನೆ. ಸಿಟ್ಟು ಬಂದವರು ಕಟ್ಟೆಗೇ ಬಂದು ಬೈಯಬಹುದು.

ಮೊದಲು ಆ ಮನುಷ್ಯರ ಕೆಲಸ ಏನು ಅಂತ ಸರಿಯಾಗಿ ನೋಡೋಣ. ಬಾದಲ್ ನಂಜುಂಡಸ್ವಾಮಿ ಮೈಸೂರಿನವರು. ಅಲ್ಲಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿ, ಅಂದರೆ ಜನ ‘ಕಾವಾ’ ಅನ್ನುವ ಶಾಲೆಯಲ್ಲಿ ಕಲಿತವರು. 2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ಮುಖ್ಯರಸ್ತೆಯಲ್ಲಿ ಪೈಪ್ ಒಡೆದು ದೊಡ್ಡ ಗುಂಡಿ ಬಿದ್ದಿತ್ತು. ವಾರಗಟ್ಟಲೆ ಯಾರೂ ತಿರುಗಿ ನೋಡಿರಲಿಲ್ಲ. ಇವರು ಅದರ ನೀರಿಗೆ ಹಸಿರು ಬಣ್ಣ ಬಿಟ್ಟು, ಕೆರೆಯ ಹಾಗೆ ಮಾಡಿ, ನಿಜದಷ್ಟೇ ಉದ್ದದ ಮೊಸಳೆಯೊಂದನ್ನು ತಂದು ಇಟ್ಟರು. ಮೊಸಳೆಯ ತೂಕ ಸುಮಾರು 20 ಕಿಲೋ, ಖರ್ಚು ಸುಮಾರು 6000 ರೂಪಾಯಿ, ಅದೂ ಕೈಯಿಂದ ಹಾಕಿದ್ದು ಎಂದು ಆಗ ಪತ್ರಿಕೆಗಳು ಬರೆದವು. ಫೋಟೋ ಊರೂರು ಸುತ್ತಿತು, ವಿದೇಶದ ಪತ್ರಿಕೆಗಳಿಗೂ ಹೋಯಿತು. ಪಾಲಿಕೆಯವರು ಓಡಿಬಂದು ಗುಂಡಿ ಮುಚ್ಚಿದರು. 2017ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಗುಂಡಿಗಳಿಗೆ ಸಿಕ್ಕಿ ಜೀವಗಳೇ ಹೋದವು. ಆ ತಿಂಗಳು ನಟಿ ಸೋನು ಗೌಡ ಅವರನ್ನು ಮತ್ಸ್ಯಕನ್ಯೆಯ ವೇಷದಲ್ಲಿ ನಗರದ ನಡುಮಧ್ಯದ ಗುಂಡಿಯ ನೀರಲ್ಲಿ ಕೂರಿಸಿದರು. 2019ರ ಸೆಪ್ಟೆಂಬರ್ ಮೊದಲ ವಾರ, ಚಂದ್ರಯಾನ-2ರ ವಿಕ್ರಮ್ ಇನ್ನೇನು ಚಂದ್ರನ ಮೇಲೆ ಇಳಿಯಬೇಕು ಅಂತ ದೇಶವೆಲ್ಲ ಕಾಯುತ್ತಿದ್ದಾಗ, ಹೇರೋಹಳ್ಳಿ ಕಡೆಯ ತುಂಗಾನಗರದ ರಸ್ತೆಯಲ್ಲಿ ರಾತ್ರಿ ಹೊತ್ತು ನಟ ಪೂರ್ಣಚಂದ್ರ ಮೈಸೂರು ಅವರಿಗೆ ಗಗನಯಾತ್ರಿಯ ಉಡುಪು ತೊಡಿಸಿ ಗುಂಡಿಗಳ ನಡುವೆ ಮೆಲ್ಲಗೆ ನಡೆಸಿದರು. ನೋಡುವವರಿಗೆ ಚಂದ್ರನೇ. ಪಕ್ಕದಲ್ಲಿ ಆಟೋ ಒಂದು ಹಾದುಹೋದಾಗ ತಾನೇ ಗೊತ್ತಾಗುವುದು, ಇದು ನಮ್ಮದೇ ರಸ್ತೆ ಅಂತ. ಒಂದು ನಿಮಿಷವೂ ಇಲ್ಲದ ವಿಡಿಯೋ. ವಿಕ್ರಮ್ ಇಳಿಯಲಿಲ್ಲ, ಪಾಪ. ಆದರೆ ತುಂಗಾನಗರಕ್ಕೆ ಜೆಸಿಬಿ ಇಳಿಯಿತು.

ಈ ಕೆಲಸವನ್ನು ನೋಡಿ “ಇದೆಂಥಾ ಕಲೆ, ಇದು ಗಿಮಿಕ್” ಅನ್ನುವವರು ನಮ್ಮಲ್ಲೂ ಇದ್ದಾರೆ. ಕಲೆ ಅಂದರೆ ಚೌಕಟ್ಟು ಹಾಕಿ ಗೋಡೆಗೆ ನೇತು ಹಾಕುವುದು, ಇಲ್ಲ ಜನವರಿಯಲ್ಲಿ ಚಿತ್ರಸಂತೆಗೆ ಹೋಗಿ ಕುಮಾರಕೃಪಾ ರಸ್ತೆಯಲ್ಲಿ ಚೌಕಾಸಿ ಮಾಡಿ ಕೊಂಡು ತರುವುದು, ಇಷ್ಟೇ ಅಂತ ಅವರ ಲೆಕ್ಕ. ಇವರಿಗೆ ಉತ್ತರ ಕೊಡುವುದು ಸುಲಭ. ಬೆಳಿಗ್ಗೆ ಎದ್ದು ಬಾಗಿಲ ಮುಂದೆ ಸಗಣಿ ನೀರು ಹಾಕಿ ನಿಮ್ಮ ಮನೆಯಾಕೆ ಬಿಡಿಸುವ ರಂಗೋಲಿ ನೆಲದ ಮೇಲೆಯೇ ಇರುತ್ತದೆ. ಹತ್ತು ಗಂಟೆಗೆ ಸೈಕಲ್ಲು ಹಾದು ಅಳಿಸಿ ಹೋಗುತ್ತದೆ. ಅದನ್ನು ಯಾರೂ ಮಾರಿಲ್ಲ, ಆದರೂ ಕಲೆ ಅಲ್ಲ ಅಂತ ಯಾರೂ ಹೇಳಿಲ್ಲ. ದಾರಿಯಲ್ಲಿ ಬಿಡಿಸಿ ದಾರಿಯಲ್ಲೇ ಬಿಟ್ಟುಹೋಗುವ ಕಲೆ ನಮಗೆ ಹೊಸದಲ್ಲ.

ನಮ್ಮಂಥ ಗಡಿಯವರಿಗೆ ಆ ಮೊಸಳೆಯಲ್ಲಿ ಇನ್ನೂ ಒಂದು ವಿಷಯ ಕಾಣಬೇಕು. ಬೆಂಗಳೂರಿನವರಿಗೆ ಅದು ಕಾಣುವುದಿಲ್ಲ. ನಮ್ಮ ಮನೆಯೊಳಗೆ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಹಿಂದಿನ ಬೀದಿಯಲ್ಲಿ ಉರ್ದು, ಕಚೇರಿಯಲ್ಲಿ ತಮಿಳು. ರಸ್ತೆ ಕೆಟ್ಟರೆ ‘ಮನು’ ಬರೆಯಬೇಕು. ಅರ್ಜಿ ಅನ್ನುವ ನಮ್ಮ ಮಾತೇ ಮರೆತುಹೋಗುವಷ್ಟು ಸಲ ಮನು ಬರೆದಿದ್ದೇವೆ. 2006ರ ಕಾಯ್ದೆ ಬಂದಮೇಲೆ ಮಕ್ಕಳೇನೋ ಶಾಲೆಯಲ್ಲಿ ತಮಿಳು ಕಲಿತವು. ಆದರೆ ಅರವತ್ತು ದಾಟಿದ ಅಜ್ಜಿಗೆ ತನ್ನ ಬೀದಿಯ ಕಷ್ಟವನ್ನು ಹೇಳಲು ಮೊಮ್ಮಗನ ಕೈಬರಹ ಬೇಕು. ಸೋಮವಾರ ಬಂತೆಂದರೆ ಆ ಕಾಗದ ಹಿಡಿದು 50 ಕಿಲೋಮೀಟರ್ ದೂರದ ಕೃಷ್ಣಗಿರಿಗೆ ಹೋಗಿ ಕಲೆಕ್ಟರ್ ಆಫೀಸಿನ ಸಾಲಲ್ಲಿ ನಿಲ್ಲಬೇಕು. ಅಲ್ಲಿ ಕೇಳುವ ಪ್ರಶ್ನೆ ಆಕೆಗೆ ಪೂರ್ತಿ ಅರ್ಥವಾಗದು, ಆಕೆಯ ಉತ್ತರ ಅವರಿಗೆ ಅರ್ಥವಾಗದು. ಮೊಸಳೆಗೆ ಈ ತೊಂದರೆ ಇಲ್ಲ. ಅದಕ್ಕೆ ಅಕ್ಷರ ಬೇಡ, ಸೀಲು ಬೇಡ. ಯಾವ ಭಾಷೆಯವನು ನೋಡಿದರೂ “ಅಯ್ಯೋ” ಅಂದೇ ಅನ್ನುತ್ತಾನೆ. ಬಾದಲ್ ಅವರ ಕೆಲಸದ ಶಕ್ತಿ ಅಲ್ಲಿದೆ ಎಂದು ನಾನು ನಂಬಿದ್ದೇನೆ. ಹಾಗಾಗಿ ಗಿಮಿಕ್ ಅನ್ನುವವರ ಪಕ್ಷ ನನ್ನದಲ್ಲ.

ನನ್ನ ಜಗಳ ಇರುವುದು ಹೊಗಳುವವರ ಜೊತೆ.

ಹೊಗಳುವವರು ಏನಂತಾರೆ? “ನೋಡಿ, ಮೊಸಳೆ ಇಟ್ರು, ಗುಂಡಿ ಮುಚ್ಚಿದ್ರು, ಗೆದ್ದರು.” ಹೀಗೆ ಅಂದಾಗ ಒಬ್ಬ ಕಲಾವಿದನನ್ನು ನೀವು ಸಂಬಳವಿಲ್ಲದ ರೋಡ್ ಇನ್ಸ್‌ಪೆಕ್ಟರ್ ಮಾಡಿದಿರಿ. ಒಂದು ಗುಂಡಿ ಮುಚ್ಚುವುದೇ ಅವರ ಉದ್ದೇಶವಾಗಿದ್ದರೆ ಆ 6000 ರೂಪಾಯಿಗೆ ಒಂದಷ್ಟು ಜಲ್ಲಿ, ಎರಡು ಮೂಟೆ ಸಿಮೆಂಟು ತಂದು ಅವರೇ ಮುಚ್ಚಬಹುದಿತ್ತು. ಬೆಂಗಳೂರಿನಲ್ಲಿ ಹಾಗೆ ಮುಚ್ಚುವ ಪುಣ್ಯಾತ್ಮರೂ ಇದ್ದಾರೆ. ಅವರು ಮೊಸಳೆ ಇಟ್ಟಿದ್ದು ನಾವು ಕಣ್ಣು ಬಿಟ್ಟು ನೋಡಲಿ ಅಂತ. ದಿನಾ ಅದೇ ದಾರಿಯಲ್ಲಿ ಹೋಗುವ ಸಾವಿರಾರು ಜನಕ್ಕೆ ಗುಂಡಿ ಕಾಣುವುದು ನಿಂತುಹೋಗಿರುತ್ತದೆ, ಬೈಕಿನ ಹ್ಯಾಂಡಲ್ಲು ತಾನಾಗೇ ಪಕ್ಕಕ್ಕೆ ತಿರುಗುತ್ತದೆ. ಆ ರೂಢಿಯನ್ನು ಮುರಿಯುವುದು ಕಲೆಯ ಕೆಲಸ. ಮುರಿದ ಮೇಲಿನ ಕೆಲಸ ನಮ್ಮದು. ನಾವು ಏನು ಮಾಡಿದೆವು? ಫೋಟೋ ಫಾರ್ವರ್ಡ್ ಮಾಡಿದೆವು.

ಅಧಿಕಾರದವರು ನಮಗಿಂತ ಬುದ್ಧಿವಂತರು. ಅವರು ಬೇಗ ಪಾಠ ಕಲಿತರು. ಫೋಟೋದಲ್ಲಿ ಬಂದ ಗುಂಡಿಯನ್ನು ಮಾತ್ರ ಮುಚ್ಚಿದರೆ ಸಾಕು, ಸುದ್ದಿ ಅಲ್ಲಿಗೆ ಮುಗಿಯುತ್ತದೆ, ಮೇಲಿಂದ “ತಕ್ಷಣ ಸ್ಪಂದಿಸಿದ ಪಾಲಿಕೆ” ಅಂತ ಹೆಸರೂ ಬರುತ್ತದೆ. ಮೊಸಳೆ ಇದ್ದ ಗುಂಡಿಯಿಂದ ಮುಂದಿನ ತಿರುವಿನ ಗುಂಡಿಗೆ ಯಾಕೆ ಟಾರು ಬೀಳಲಿಲ್ಲ, ಆ ರಸ್ತೆ ಹಾಕಿದ ಕಂಟ್ರಾಕ್ಟರ್ ಯಾರು, ಎಷ್ಟು ವರ್ಷದ ಹೊಣೆ ಬರೆದುಕೊಟ್ಟಿದ್ದ, ಬಿಲ್ಲಿಗೆ ಸಹಿ ಹಾಕಿದ ಎಂಜಿನಿಯರ್ ಯಾರು? ಇದನ್ನು ಕೇಳುವಷ್ಟರಲ್ಲಿ ವಿಡಿಯೋ ಹಳತಾಗಿರುತ್ತದೆ. 2015ರಿಂದ ಇಲ್ಲಿಗೆ ಹತ್ತು ವರ್ಷ ದಾಟಿತು. ಈ ನಡುವೆ ಬಿಬಿಎಂಪಿಯೇ ಹೋಯಿತು, 2025ರ ಸೆಪ್ಟೆಂಬರ್‌ನಲ್ಲಿ ಅದರ ಜಾಗಕ್ಕೆ ಐದು ಪಾಲಿಕೆಗಳು ಬಂದವು. ಗುಂಡಿಗಳು ಹೋಗಲಿಲ್ಲ. ಅವು ಐದೂ ಪಾಲಿಕೆಗೆ ಪಾಲಾದವು, ಅಷ್ಟೇ.

ಇನ್ನೊಂದು ಸಂಗತಿ. ಮೊಸಳೆ ಬಂದ ಅದೇ 2015ರಲ್ಲಿ ಬೆಂಗಳೂರಿನ ರಸ್ತೆಗುಂಡಿಗಳ ಬಗ್ಗೆ ಕರ್ನಾಟಕ ಹೈಕೋರ್ಟಿನಲ್ಲಿ ಒಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿ ದಾಖಲಾಯಿತು. ವರ್ಷಗಟ್ಟಲೆ ವಾಯಿದೆ ನಡೆಯಿತು. 2019ರ ಜುಲೈನಲ್ಲಿ ನ್ಯಾಯಾಲಯ, ಗುಂಡಿಯಿಂದ ಪೆಟ್ಟು ತಿಂದವರು ಪಾಲಿಕೆಯಿಂದ ಪರಿಹಾರ ಕೇಳಬಹುದು ಎಂದು ಹೇಳಿತು. ಚಂದ್ರನ ಮೇಲಿನ ನಡಿಗೆಗೆ ಎರಡು ತಿಂಗಳೂ ಮುಂಚೆ ಅಲ್ಲ. ಗಗನಯಾತ್ರಿಯ ವಿಡಿಯೋ ನೋಡದವರು ಯಾರಾದರೂ ಇದ್ದರೆ ಕೈ ಎತ್ತಿ. ಆ ಆದೇಶದ ಸುದ್ದಿ ಓದಿದವರು ಎಷ್ಟು ಜನ, ಕೈ ಎತ್ತಿ. ನಾನು ಕಟ್ಟೆಯಲ್ಲಿ ಕೇಳಿ ನೋಡಿದೆ. ಎರಡನೆಯದಕ್ಕೆ ಒಂದು ಕೈಯೂ ಏಳಲಿಲ್ಲ. ಇದು ಕಲಾವಿದರ ತಪ್ಪಲ್ಲ. ಅವರು ಬಾಗಿಲು ತೆಗೆದರು, ನಾವು ಬಾಗಿಲ ಮುಂದೆ ನಿಂತು ಸೆಲ್ಫಿ ತೆಗೆದುಕೊಂಡು ವಾಪಸು ಬಂದೆವು.

ಮೊಸಳೆ ಕಚ್ಚುವುದು ಯಾರನ್ನು ಅನ್ನುವುದನ್ನೂ ಸ್ವಲ್ಪ ಯೋಚಿಸಬೇಕು. ಮೇಲಿನವರಿಗೆ ಮುಖಭಂಗವಾದ ರಾತ್ರಿ, ಕೆಳಗಿನವರಿಗೆ ನಿದ್ದೆ ಇರುವುದಿಲ್ಲ. ಬಿಸಿ ಟಾರಿನ ಡ್ರಮ್ಮಿನ ಪಕ್ಕ, ಕಾಲಿಗೆ ಗೋಣಿಚೀಲ ಸುತ್ತಿಕೊಂಡು ಜಲ್ಲಿ ಹರಡುವವರು ಕೂಲಿಯವರು. ಅವರಲ್ಲಿ ನಮ್ಮ ಕಡೆಯವರು, ಧರ್ಮಪುರಿ ಕಡೆಯವರು ಎಷ್ಟೋ ಜನ. ಬೆಂಗಳೂರಿನ ಕಟ್ಟಡ, ರಸ್ತೆ ಎರಡರಲ್ಲೂ ಈ ಬಯಲಿನ ಬೆವರಿದೆ. ಅವರ ಮುಖ ಯಾವ ವಿಡಿಯೋದಲ್ಲೂ ಬರಲಿಲ್ಲ.

ಅಮೆರಿಕದಲ್ಲಿ ಮಿಯರ್ಲ್ ಲ್ಯಾಡರ್ಮನ್ ಯೂಕಲೀಸ್ ಅನ್ನುವ ಕಲಾವಿದೆ ಇದ್ದಾರೆ. ಮಗು ಹುಟ್ಟಿದ ಮೇಲೆ ದಿನವಿಡೀ ಬಟ್ಟೆ ಒಗೆಯುವುದು, ಗುಡಿಸುವುದು ಇದೇ ಆಯಿತಲ್ಲ, ಹಾಗಾದರೆ ಇದನ್ನೇ ಕಲೆ ಅನ್ನುತ್ತೇನೆ ಅಂತ 1969ರಲ್ಲಿ ಒಂದು ಘೋಷಣೆ ಬರೆದರು. 1977ರಿಂದ ನ್ಯೂಯಾರ್ಕ್ ನಗರದ ಕಸ ವಿಲೇವಾರಿ ಇಲಾಖೆಯಲ್ಲಿ ಸಂಬಳವಿಲ್ಲದ ಕಲಾವಿದೆಯಾಗಿ ಕೂತರು. 1979-80ರಲ್ಲಿ ಸುಮಾರು ಒಂದು ವರ್ಷ ಆ ಊರಿನ ಎಲ್ಲ ವಾರ್ಡುಗಳಿಗೂ ಹೋಗಿ, 8500 ಮಂದಿ ಪೌರಕಾರ್ಮಿಕರ ಕೈಯನ್ನು ಒಬ್ಬೊಬ್ಬರದಾಗಿ ಕುಲುಕಿ, ಊರನ್ನು ಬದುಕಿಸಿ ಇಟ್ಟಿದ್ದಕ್ಕೆ ಕೃತಜ್ಞತೆ ಹೇಳಿದರು. ಅಷ್ಟೇ ಆ ಕೃತಿ. ಯಾವ ಕಸದ ರಾಶಿಯೂ ಅದರಿಂದ ಮಾರನೇ ದಿನ ಕರಗಲಿಲ್ಲ. ಇದನ್ನು ನಮ್ಮ ಹೊಗಳುಭಟರ ತಕ್ಕಡಿಯಲ್ಲಿ ತೂಗಿದರೆ ಸೊನ್ನೆ. ನನ್ನ ತಕ್ಕಡಿಯಲ್ಲಿ ತುಂಬಾ ತೂಕ. ಕಸ ಎತ್ತುವವನನ್ನು ಊರು ಮುಟ್ಟದೆ ಇಟ್ಟ ನಮ್ಮ ದೇಶದಲ್ಲಿ ಕೈ ಹಿಡಿದು ಕುಲುಕುವುದು ಎಂಥ ದೊಡ್ಡ ಕೆಲಸ ಅಂತ ಬಿಡಿಸಿ ಹೇಳಬೇಕೇ?

ಇನ್ನು ಕಲಾವಿದರ ಹೊಟ್ಟೆಪಾಡು. ಈ ಬಗ್ಗೆ ಯಾರೂ ಮಾತಾಡುವುದಿಲ್ಲ. ಭಾವಚಿತ್ರ ಬರೆದವರು ಭಾವಚಿತ್ರ ಮಾರುತ್ತಾರೆ. ಗುಂಡಿಯಲ್ಲಿ ಇಟ್ಟ ಮೊಸಳೆಯನ್ನು ಯಾರು ಕೊಳ್ಳುತ್ತಾರೆ? ಇಂಥ ಕೆಲಸ ಮಾಡುವವರು ಅನ್ನಕ್ಕೆ ಬೇರೆ ದಾರಿ ನೋಡಿಕೊಳ್ಳಬೇಕು. ಜಾಹೀರಾತಿಗೋ ಸಿನಿಮಾಕ್ಕೋ ಸೆಟ್ಟು, ಬಣ್ಣ ಮಾಡಿಕೊಟ್ಟು ಬಂದ ದುಡ್ಡಿನಲ್ಲಿ ಊರಿನ ಗುಂಡಿಗೆ ಮೊಸಳೆ ತರಬೇಕು. ನಾವು ಕೂತಲ್ಲೇ ಚಪ್ಪಾಳೆ ಹೊಡೆದು, ಮುಂದಿನ ಮಳೆಗಾಲಕ್ಕೆ “ಈ ಸಲ ಏನು ಬಾದಲ್?” ಅಂತ ಕಾಯಬೇಕು. ಹುಲಿವೇಷದವನಿಗಾದರೂ ಕುಣಿತ ಮುಗಿದ ಮೇಲೆ ನೋಟು ಚುಚ್ಚುತ್ತೇವೆ. ಒಬ್ಬರ ಇಡೀ ವೃತ್ತಿಜೀವನ ‘ಗುಂಡಿ ಕಲಾವಿದ’ ಅನ್ನುವ ಎರಡು ಪದಕ್ಕೆ ಇಳಿದಿದೆ. ಗುಂಡಿ ಬಿಟ್ಟು ಬೇರೆ ಏನಾದರೂ ಮಾಡಿದರೆ ನೋಡಲು ನಾವು ತಯಾರಿದ್ದೇವಾ?

ಇಲ್ಲಿ ನಮ್ಮ ಹೆಣ್ಣುಮಕ್ಕಳ ಮಾತು ಬರಬೇಕು. ಮಳೆಗಾಲದಲ್ಲಿ ಕೆಸರಾದ ರಸ್ತೆಗೆ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಭತ್ತದ ಪೈರು ನಾಟಿ ಮಾಡುವುದನ್ನು ನೀವೆಲ್ಲ ನೋಡಿದ್ದೀರಿ. ಗಡಿಯ ಈಚೆಗೂ ಇದೆ, ಆಚೆಗೂ ಇದೆ. ಮೊದಲು ಯಾವ ಊರಲ್ಲಿ ಯಾರು ಮಾಡಿದರೋ, ಅವರ ಹೆಸರು ಎಲ್ಲೂ ಬರೆದಿಲ್ಲ. ಆದರೆ ಎಂಥ ಕಲ್ಪನೆ ನೋಡಿ! “ನೀವು ಇದನ್ನು ರಸ್ತೆ ಅಂತೀರಿ, ನಾವು ಗದ್ದೆ ಅಂತೀವಿ, ಬಂದು ತೀರ್ಮಾನ ಮಾಡಿ” ಅಂತ ಒಂದು ಮಾತೂ ಆಡದೆ ಹೇಳುವುದು. ಮೊಸಳೆಯ ತಾಯಿಬೇರು ಈ ನಾಟಿಯಲ್ಲೇ ಇದೆ ಎನ್ನುತ್ತೇನೆ. ವ್ಯತ್ಯಾಸ ಇಷ್ಟೇ. ನಾಟಿ ಮಾಡಿದವರು ಮಾರನೇ ದಿನವೂ ಅದೇ ಕೆಸರಲ್ಲಿ ಹಾಲಿನ ಕ್ಯಾನು ಹೊತ್ತು ನಡೆಯುವವರು. ಅವರು ವಿಡಿಯೋ ಮುಗಿದ ಮೇಲೆ ಮನೆಗೆ ಹೋಗಲಾರರು, ಅದೇ ಅವರ ಮನೆ. ಹಾಗಾಗಿ ರಸ್ತೆ ಆಗುವ ತನಕ ಬಿಡುವುದಿಲ್ಲ. ನಾವು ಇವರ ಕೆಲಸವನ್ನು ‘ಪ್ರತಿಭಟನೆ’ ಅಂತ ನಾಲ್ಕನೇ ಪುಟದ ಮೂಲೆಗೆ ಹಾಕಿ, ಪೇಟೆಯಿಂದ ಬಂದದ್ದನ್ನು ‘ಕಲೆ’ ಅಂತ ಮೊದಲ ಪುಟಕ್ಕೆ ಏರಿಸುತ್ತೇವೆ. ಇದು ಯಾವ ನ್ಯಾಯ ಸ್ವಾಮಿ?

ಹೊರಗಿನವರು ಬಂದು ನಮ್ಮ ಪರವಾಗಿ ಪ್ರದರ್ಶನ ಕೊಟ್ಟು ಹೋದರೆ ಏನಾಗುತ್ತದೆ ಎಂದು ಹೊಸೂರಿನ ಕನ್ನಡಿಗರಿಗೆ ಹೇಳಿಕೊಡಬೇಕಾಗಿಲ್ಲ. ವಾಟಾಳ್ ನಾಗರಾಜ್ ಅವರು ಕತ್ತೆ, ಎಮ್ಮೆ, ಖಾಲಿ ಕೊಡ ಎಲ್ಲ ಹಿಡಿದು ಹೋರಾಟ ಮಾಡಿದವರು. ಅತ್ತಿಬೆಲೆ ಗಡಿಗೂ ಎಷ್ಟೋ ಸಲ ಬಂದಿದ್ದಾರೆ. ನೋಟವೇನೋ ಚೆಂದ. ಆದರೆ 2016ರ ಸೆಪ್ಟೆಂಬರ್‌ನಲ್ಲಿ ಕಾವೇರಿ ಗಲಾಟೆಯಾಗಿ ಬಸ್ಸು ನಿಂತಾಗ ಜೂಜುವಾಡಿಯಿಂದ ಅತ್ತಿಬೆಲೆಗೆ ಮೂಟೆ ಹೊತ್ತು, ಮಕ್ಕಳನ್ನು ಎಳೆದುಕೊಂಡು ನಡೆದವರು ಯಾರು? ಆ ಕಡೆ ಭಾಷಣ, ಈ ಕಡೆ ಭಾಷಣ, ನಡುವಿನ ರಸ್ತೆ ನಮ್ಮ ಕಾಲಿಗೆ.

ಹಾಗಾದರೆ ಹೊರಗಿನ ಕಲಾವಿದರೇ ಬೇಡವೇ? ಬೇಕು. ಆದರೆ ಇನ್ನೊಂದು ರೀತಿಯಲ್ಲಿ. ಮುಂಬೈನ ನವಜೋತ್ ಅಲ್ತಾಫ್ ಅನ್ನುವ ಕಲಾವಿದೆ 1990ರ ದಶಕದ ಕೊನೆಯಲ್ಲಿ ಬಸ್ತರ್‌ನ ಕೊಂಡಗಾಂವ್‌ಗೆ ಹೋದವರು, ಒಂದು ದಿನಕ್ಕೆ ಹೋಗಿ ಬರಲಿಲ್ಲ. ದಶಕಗಟ್ಟಲೆ ಅಲ್ಲಿನ ಆದಿವಾಸಿ ಕಲಾವಿದರ ಜೊತೆ ಕೆಲಸ ಮಾಡಿದರು. ಅವರ ಕೈಯಲ್ಲಿ ಆದದ್ದೇನು? ಕೈಪಂಪಿನ ಸುತ್ತ ಕಟ್ಟೆ. ‘ನಲ್‌ಪಾರ್’ ಅಂತ ಅದರ ಹೆಸರು. ನೀರು ಹಿಡಿಯುವ ಹೆಂಗಸರು ಬಗ್ಗಿ ನೆಲದಿಂದ ಕೊಡ ಎತ್ತುವಾಗ ಸೊಂಟಕ್ಕೆ ಎಷ್ಟು ನೋವು ಅಂತ ಅವರನ್ನೇ ಕೇಳಿ, ಮೊದಲು ಸೊಂಟದೆತ್ತರದ ಜಗಲಿಗೆ, ಅಲ್ಲಿಂದ ತಲೆಗೆ ಕೊಡ ಏರಿಸುವ ಹಾಗೆ ಕಟ್ಟೆ ರೂಪಿಸಿದರು. ಗೋಡೆಗೆ ಅವರದೇ ಚಿತ್ತಾರ. ಚೆಲ್ಲಿದ ನೀರು ನಿಲ್ಲದೆ ಹರಿದುಹೋಗಲು ದಾರಿ. ಯಾವ ಅಧಿಕಾರಿಗೂ ನಾಚಿಕೆ ಆಗುವ ಹಾಗೆ ಅಲ್ಲಿ ಏನೂ ಇಲ್ಲ, ವಿಡಿಯೋ ಹಬ್ಬುವಂಥದ್ದೂ ಇಲ್ಲ. ದಿನಕ್ಕೆ ಎರಡು ಹೊತ್ತು ನೀರು ಹೊರುವ ಹೆಣ್ಣಿನ ಬೆನ್ನು ಮಾತ್ರ ಅದನ್ನು ಬಲ್ಲದು.

ನಮ್ಮ ನಿಜವಾದ ಗುಂಡಿ ರಸ್ತೆಯಲ್ಲಿಲ್ಲ, ಹೊಳೆಯಲ್ಲಿದೆ. ನಂದಿಬೆಟ್ಟದ ಕಡೆಯಿಂದ ಬರುವ ದಕ್ಷಿಣ ಪಿನಾಕಿನಿಗೆ ಬೆಳ್ಳಂದೂರು, ವರ್ತೂರು ಕೆರೆಗಳ ಕೋಡಿಯ ನೀರು ಸೇರಿ, ಅದು ನಮ್ಮ ಕೆಲವರಪಳ್ಳಿ ಅಣೆಕಟ್ಟೆಗೆ ಬಂದು ನಿಲ್ಲುತ್ತದೆ. 2015ರಲ್ಲಿ ಬೆಳ್ಳಂದೂರಿನ ನೊರೆಗೆ ಬೆಂಕಿ ಹತ್ತಿದ ಫೋಟೋ ಲೋಕವೆಲ್ಲ ನೋಡಿತು. ಆ ನೊರೆ ಅಲ್ಲಿಗೇ ಮುಗಿಯಿತು ಅಂತ ಬೆಂಗಳೂರಿನವರು ಅಂದುಕೊಂಡಿರಬೇಕು. ಮಳೆ ಜೋರಾಗಿ ಅಣೆಕಟ್ಟೆಯ ಬಾಗಿಲು ತೆಗೆದಾಗಲೆಲ್ಲ ಆಳೆತ್ತರದ ಬಿಳಿ ನೊರೆ ಏಳುತ್ತದೆ, ಗಾಳಿ ಬಂದರೆ ಹೊಲಕ್ಕೆ ಹಾರುತ್ತದೆ. ಅದೇ ನೀರು ಕಾಲುವೆಗೆ, ಕಾಲುವೆಯಿಂದ ರಾಗಿಗೆ, ಸೊಪ್ಪಿಗೆ, ಹೂವಿಗೆ. ಅದೇ ಸೊಪ್ಪು ಟೆಂಪೋ ಹತ್ತಿ ಬೆಂಗಳೂರಿನ ಮಾರ್ಕೆಟ್ಟಿಗೆ ವಾಪಸು ಹೋಗುತ್ತದೆ! ಈ ಗುಂಡಿಗೆ ಯಾವ ಮೊಸಳೆ ಇಡುತ್ತೀರಿ? ಕೊಳಕು ಬಿಟ್ಟವರು ಒಂದು ರಾಜ್ಯದವರು, ಮೂಗು ಮುಚ್ಚಿಕೊಂಡವರು ಇನ್ನೊಂದು ರಾಜ್ಯದವರು. ಅಲ್ಲಿನವರಿಗೆ ನಾವು ಮತದಾರರಲ್ಲ, ಇಲ್ಲಿನವರಿಗೆ ಅದು ಅವರ ಕೊಳಕಲ್ಲ. ನಾಚಿಕೆ ಪಡಲು ಒಬ್ಬ ಅಧಿಕಾರಿ ಇದ್ದರೆ ತಾನೇ ನಾಚಿಕೆ ಪಡಿಸುವ ಕಲೆ ನಡೆಯುವುದು?

ಹಾಗಾಗಿ ಸಮಿತಿಯವರಲ್ಲಿ ನನ್ನ ಬೇಡಿಕೆ ಇಷ್ಟು. ಒಂದು ದಿನದ ಮೊಸಳೆಗೆ ಚಂದಾ ಹಣ ಕೊಡಬೇಡಿ. ಬಾದಲ್ ಅವರನ್ನೇ ಆಗಲಿ, ಕಾವಾದಲ್ಲಿ ಈಗ ಕಲಿಯುತ್ತಿರುವ ಹುಡುಗ ಹುಡುಗಿಯರನ್ನೇ ಆಗಲಿ, ಕರೆಯುವುದಾದರೆ ಒಂದು ಪೂರ್ತಿ ಮಳೆಗಾಲಕ್ಕೆ ಕರೆಯಿರಿ. ಒಂದು ಕೋಣೆ ಬಾಡಿಗೆಗೆ ಹಿಡಿಯೋಣ. ಊಟ ಮನೆಮನೆಯ ಸರದಿ ಹಾಕೋಣ, ಸೊಪ್ಪಿನ ಸಾರು, ಮುದ್ದೆ ಇದ್ದೇ ಇದೆ. ಕೈಗೆ ತಿಂಗಳ ಸಂಬಳ ಅಂತ ಏನಾದರೂ ಕೊಡಲೇಬೇಕು, ಗೌರವಧನ ಅಂತ ಶಾಲು ಹೊದಿಸಿ ಕಳಿಸುವ ಆಟ ಬೇಡ. ಮೊದಲ ತಿಂಗಳು ಏನೂ ಮಾಡುವುದು ಬೇಡ ಅಂತಲೂ ಹೇಳಿ. ಕಾಲುವೆ ಅಂಚಿನ ಹೊಲಗಳಲ್ಲಿ ಕಳೆ ಕೀಳುವ ಹೆಂಗಸರ ಜೊತೆ ಹೋಗಲಿ, ಆ ನೀರಿಗೆ ಇಳಿದವರ ಕಾಲು ಕೆರೆತ ನೋಡಲಿ, ನಾಲ್ಕು ಭಾಷೆಯ ಬೈಗುಳ ಕಲಿಯಲಿ. ಆಮೇಲೆ ಏನು ಮಾಡಬೇಕೆಂದು ಆ ಹೆಂಗಸರೂ ಅವರೂ ಕೂತು ತೀರ್ಮಾನಿಸಲಿ. ವಾಚನಾಲಯದ ಹಿಂದಿನ ಕೋಣೆ ಖಾಲಿ ಇದೆ, ಅಲ್ಲಿರುವ ಹಳೇ ಪೇಪರ್ ಕಟ್ಟುಗಳನ್ನು ತೆಗೆದರೆ ಬಣ್ಣದ ಡಬ್ಬಿ ಇಡಲು ಜಾಗವಾಗುತ್ತದೆ. ಬೀಗದ ಕೈ ನನ್ನ ಹತ್ತಿರ ಇದೆ.